ಬೆಕ್ಕಿಗೆ ವಿಮೆ

ಸವದತ್ತಿಯ ವಾಚಕ ಸೋದರಿಯೊಬ್ಬರು ನಮಗೆ ಪತ್ರ ಬರೆದಿರುವರು. ಅವರ ಮಗನು ಪುಣೆಯಿಂದ ಬೆಕ್ಕಿನ ಮರಿಯೊಂದನ್ನು ತಂದು ತಾಯಿಯ ಬಳಿ ಬಿಟ್ಟುಹೋಗಿದ್ದಾನೆ. ಅದಕ್ಕೀಗ ಐದು ತಿಂಗಳು. ಅದರ ಆರೋಗ್ಯಕ್ಕೆ ವಿಮೆ ಇಳಿಸಲೇಬೇಕೆಂದು ಅವನ ಹಟ. “ಎಮ್ಮೆಗೆ ವಿಮೆ ಉಂಟೆಂದು ಬಲ್ಲೆವು, ಬೆಕ್ಕಿಗೂ ಉಂಟೇ? ಇದ್ದರೆ ಯಾವುದನ್ನು ಆರಿಸಬೇಕು?” ಎಂದು ಅವರ ಪ್ರಶ್ನೆ. ಓಣಿಯವರು ಕೇಳಿ ನಕ್ಕರೆಂದೂ ಬರೆದಿದ್ದಾರೆ. ನಮಗೆ ನಗಬೇಕೆನ್ನಿಸಲಿಲ್ಲ. ಜೋಳದ ಚೀಲಗಳನ್ನೂ ಕಡಲೆಯ ಮೂಟೆಗಳನ್ನೂ ಮನೆಯಲ್ಲಿ ಒಟ್ಟುವ ನಮ್ಮ ಸೀಮೆಯಲ್ಲಿ ಬೆಕ್ಕು ಬಿಟ್ಟಿ ಉಂಡದ್ದುಂಟೇ?

ಉಂಟು, ಬೆಕ್ಕಿಗೂ ವಿಮೆ ಉಂಟು. ಕೆಲವು ಖಾಸಗಿ ವಿಮಾ ಕಂಪನಿಗಳು ಇಂಥ ಪಾಲಿಸಿಗಳನ್ನು ಮಾರುತ್ತವೆ. ಆದರೆ ಎಮ್ಮೆಯ ವಿಮೆಯನ್ನು ಮನದಲ್ಲಿಟ್ಟುಕೊಂಡು ಇದನ್ನು ಅಳೆಯಕೂಡದು. ದನದ ವಿಮೆಯು ಮುಖ್ಯವಾಗಿ ಪ್ರಾಣಿಯು ಸತ್ತರೆ ಅದರ ಬೆಲೆಯನ್ನು ಕೊಡುವಂಥದು, ಔಷಧೋಪಚಾರದ ವೆಚ್ಚವನ್ನಲ್ಲ. ಅದಕ್ಕೆ ಸರಕಾರದ ನೆರವೂ ಉಂಟು. 2024ರಲ್ಲಿ ಕೇಂದ್ರ ಸರಕಾರವು ಕಂತಿನಲ್ಲಿ ರೈತನ ಪಾಲನ್ನು ಶೇಕಡಾ 15ಕ್ಕೆ ಇಳಿಸಿತು. ಬೆಕ್ಕಿಗೆ ಇಂಥ ನೆರವಿಲ್ಲ, ಪೂರ್ಣ ಕಂತನ್ನು ಮನೆಯವರೇ ತೆರಬೇಕು. ಪ್ರತಿಯಾಗಿ ಶಸ್ತ್ರಚಿಕಿತ್ಸೆ, ಆಸ್ಪತ್ರೆಯ ವಾಸ ಮೊದಲಾದವುಗಳ ವೆಚ್ಚವು ಒಂದು ಮಿತಿಯವರೆಗೆ ದೊರೆಯುವುದು.

ಬೀಮಾ ಎಂಬ ಪಾರಸಿಯ ಶಬ್ದವೇ ಮರಾಠಿಯಲ್ಲಿ ವಿಮಾ, ನಮ್ಮಲ್ಲಿ ವಿಮೆ. ಅದರ ಮೂಲದಲ್ಲಿರುವ ಬೀಮ್ ಎಂಬುದಕ್ಕೆ ಭಯವೆಂದೇ ಅರ್ಥ. ಭಯದಿಂದ ಕೊಂಡವನು ಕಾಗದವನ್ನು ಓದುವುದಿಲ್ಲ. ಹಣ ಕಟ್ಟಿದೆವು, ಇನ್ನು ಕಂಪನಿಯು ನೋಡಿಕೊಳ್ಳುವುದು ಎಂದು ನಿಶ್ಚಿಂತನಾಗುತ್ತಾನೆ. ಶ್ರೀವೈಷ್ಣವ ಶಾಸ್ತ್ರದಲ್ಲಿ ಎರಡು ನ್ಯಾಯಗಳುಂಟು. ತಾಯಿಬೆಕ್ಕು ಮರಿಯನ್ನು ಬಾಯಲ್ಲಿ ಕಚ್ಚಿ ತಾನೇ ಒಯ್ಯುತ್ತದೆ, ಮರಿಗೆ ಯಾವ ಪ್ರಯತ್ನವೂ ಬೇಡ. ಇದು ಮಾರ್ಜಾರಕಿಶೋರ ನ್ಯಾಯ. ಕೋತಿಯ ಮರಿಯಾದರೋ ತಾಯಿಯ ಹೊಟ್ಟೆಯನ್ನು ತಾನೇ ಬಿಗಿಯಾಗಿ ಅವಚಿಕೊಳ್ಳಬೇಕು. ಇದು ಮರ್ಕಟಕಿಶೋರ ನ್ಯಾಯ. ವಿಮೆಯು ಬೆಕ್ಕಿನದಾದರೂ ಅದರ ನ್ಯಾಯವು ಕೋತಿಯದು. ಹಿಡಿ ಸಡಿಲಿದರೆ ಮರಿ ಕೆಳಗೆ.

ಹಿಡಿಯತಕ್ಕದ್ದು ಏನನ್ನು? ಮೊದಲನೆಯದಾಗಿ ಲಸಿಕೆಯ ಚೀಟಿಯನ್ನು. ಲಸಿಕೆಯಿಂದ ತಡೆಯಬಹುದಾಗಿದ್ದ ರೋಗವು ಲಸಿಕೆಯಿಲ್ಲದ ಬೆಕ್ಕಿಗೆ ಬಂದರೆ ಸಾಮಾನ್ಯವಾಗಿ ಹಣ ಸಿಕ್ಕದು. ಪ್ಯಾನ್‌ಲ್ಯೂಕೋಪೀನಿಯಾ ಎಂಬ ವಾಂತಿಭೇದಿಯ ಜಾಡ್ಯವು ಮರಿಗಳನ್ನು ಎರಡು ಮೂರು ದಿನಗಳಲ್ಲಿಯೇ ಕೊಲ್ಲಬಲ್ಲದು. ಇದೂ ಸೇರಿ ಮೂರು ರೋಗಗಳನ್ನು ತಡೆಯುವ ಲಸಿಕೆಯನ್ನು ಆರರಿಂದ ಎಂಟು ವಾರಗಳ ವಯಸ್ಸಿನಲ್ಲಿ ಆರಂಭಿಸಿ, ಮೂರು ನಾಲ್ಕು ವಾರಗಳಿಗೊಮ್ಮೆ ಪುನಃ ಹಾಕಿಸುತ್ತಾರೆ. ಮೂರು ತಿಂಗಳು ತುಂಬಿದ ಮೇಲೆ ಹುಚ್ಚುನಾಯಿ ರೋಗದ ಲಸಿಕೆ. ಇದು ಬೆಕ್ಕಿನ ಉಗುರು ತಾಗುವ ಮಕ್ಕಳ ರಕ್ಷಣೆಗೂ ಬೇಕು. ಎರಡನೆಯದು ಗುರುತು. ದನದ ವಿಮೆಯಲ್ಲಿ ಕಿವಿಯ ಬಿಲ್ಲೆಯಿಲ್ಲದಿದ್ದರೆ ಹಣವಿಲ್ಲ ಎಂಬ ನಿಯಮವನ್ನು ನಮ್ಮ ರೈತರೆಲ್ಲರೂ ಬಲ್ಲರು. ಬೆಕ್ಕಿಗೆ ಛಾಯಾಚಿತ್ರವನ್ನೋ ಚರ್ಮದಡಿಯಲ್ಲಿಡುವ ಚಿಪ್ಪನ್ನೋ ಕೇಳುವರು. ವಯಸ್ಸಿನ ಮಿತಿ, ಮೊದಲೇ ಇದ್ದ ಬೇನೆ, ಪಾಲಿಸಿಯ ಆರಂಭದಲ್ಲಿ ಹಣ ಸಲ್ಲದ ಕಾಯುವ ದಿನಗಳು, ಇವು ಪಾಲಿಸಿಯಿಂದ ಪಾಲಿಸಿಗೆ ಬೇರೆ. ಜಾತಿಯ ಬೆಕ್ಕುಗಳಿಗೆ ಮಾತ್ರವೋ, ನಾಡಬೆಕ್ಕಿಗೂ ಸಲ್ಲುವುದೋ ಎಂಬುದನ್ನು ಬರೆವಣಿಗೆಯಲ್ಲಿಯೇ ಕೇಳಬೇಕು; ಏಜೆಂಟನ ಬಾಯಿಮಾತು ಸಾಲದು.

ಇದಕ್ಕಿಂತ ದೊಡ್ಡ ತೊಡಕು ನಮ್ಮ ಊರುಗಳದ್ದೇ. ತಾಲೂಕಿನ ಪಶು ಆಸ್ಪತ್ರೆಗಳು ಹೆಚ್ಚಾಗಿ ಎಮ್ಮೆ, ಎತ್ತು, ಕುರಿಗಳಿಗಾಗಿ ಇರತಕ್ಕವು. ಬೆಕ್ಕಿನ ಮುರಿದ ಕಾಲಿಗೆ ಕ್ಷಕಿರಣ, ಶಸ್ತ್ರಕ್ರಿಯೆ ಬೇಕಾದರೆ ಧಾರವಾಡವನ್ನೋ ಬೆಳಗಾವಿಯನ್ನೋ ಕಾಣಬೇಕು. ಕಿತ್ತೂರಿನವರು ಹೆದ್ದಾರಿಯ ಮೇಲೆ ಎರಡೂ ಊರುಗಳ ನಡುವೆ ಇದ್ದಾರೆ, ಅವರಿಗೆ ಸುಲಭ. ರಾಮದುರ್ಗದವರ ಪಾಡು ಬೇರೆ. ಬುಟ್ಟಿಯಲ್ಲಿ ಬೆಕ್ಕನ್ನಿಟ್ಟುಕೊಂಡು ಬಸ್ಸಿನಲ್ಲಿ ಹೋದ ಖರ್ಚನ್ನು ಯಾರು ಕೊಡುವರು? ಆದಕಾರಣ ಪಾಲಿಸಿಯನ್ನು ಆರಿಸುವ ಮೊದಲು ವೈದ್ಯರನ್ನು ಆರಿಸಿರಿ. ಅವರು ನೋಂದಣಿ ಸಂಖ್ಯೆಯ ಸಹಿತ ಬಿಲ್ಲು ಕೊಡುವರೇ ಎಂದು ಸಂಕೋಚವಿಲ್ಲದೆ ಕೇಳಿರಿ. ಬಿಲ್ಲಿಲ್ಲದ ಉಪಚಾರವು ವಿಮೆಯ ಪಾಲಿಗೆ ನಡೆದೇ ಇಲ್ಲ.

ಲೆಕ್ಕವನ್ನೂ ಮಾಡೋಣ. ಅಂಕಿಗಳು ಉದಾಹರಣೆಗಷ್ಟೇ. ವರ್ಷದ ಕಂತು 3,000 ರೂಪಾಯಿ, ಬಿಲ್ಲು 8,000 ಎನ್ನಿರಿ. ಮೊದಲಿನ 1,000 ನಿಮ್ಮದು, ಉಳಿದುದರಲ್ಲಿ ಶೇಕಡಾ 20 ನಿಮ್ಮ ಪಾಲು ಎಂದು ಪಾಲಿಸಿಯಲ್ಲಿದ್ದರೆ ಕಂಪನಿಯಿಂದ ಬರುವುದು 5,600. ಕಂತನ್ನು ಕಳೆದರೆ ಲಾಭ 2,600. ಬೆಕ್ಕು ವರ್ಷವಿಡೀ ಗಟ್ಟಿಯಾಗಿದ್ದರೆ 3,000 ಹೋಯಿತು. ಸವದತ್ತಿಯ ಸೋದರಿಯ ಮರಿಯು ಎಳೆಯದು, ಮಗನು ಕಂತು ಕಟ್ಟಲು ಸಿದ್ಧನಿದ್ದಾನೆ, ಧಾರವಾಡವು ದೂರವಲ್ಲ. ಲಸಿಕೆಗಳನ್ನು ಪೂರೈಸಿ, ಶಸ್ತ್ರಕ್ರಿಯೆಗೂ ಅಪಘಾತಕ್ಕೂ ಸಲ್ಲುವ ಪಾಲಿಸಿಯನ್ನು ಅವರು ಕೊಳ್ಳಲಿ. ಏಳೆಂಟು ವರ್ಷದ ನಾಡಬೆಕ್ಕು ಇರುವ ಮನೆಯವರಿಗೆ ನಾವು ಹಾಗೆ ಹೇಳಲಾರೆವು. ಅವರು ಆ ಕಂತಿನ ಹಣವನ್ನು ಅಂಚೆಯ ಉಳಿತಾಯ ಖಾತೆಯಲ್ಲಿ ಬೆಕ್ಕಿನ ಹೆಸರು ನೆನೆದು ಇಡುವುದೇ ಲೇಸು.

ಕಂಪನಿಯು ನ್ಯಾಯವಾದ ಹಣವನ್ನು ನಿರಾಕರಿಸಿದರೆ ಮೊದಲು ಅದಕ್ಕೇ ಬರೆದು ದೂರಬೇಕು. ಒಂದು ತಿಂಗಳಲ್ಲಿ ಸಮಾಧಾನವಾಗದಿದ್ದರೆ ಬೆಂಗಳೂರಿನಲ್ಲಿರುವ ವಿಮಾ ಓಂಬುಡ್ಸ್‌ಮನ್‌ರಿಗೆ ಬರೆಯಬಹುದು. ಶುಲ್ಕವಿಲ್ಲ, ವಕೀಲರೂ ಬೇಡ.

ಇನ್ನು, ಯಾವ ಪಾಲಿಸಿಯೂ ಸಮಯಕ್ಕೆ ಒದಗದ ಎರಡು ಅಪಾಯಗಳನ್ನು ಮನೆಯ ಹೆಣ್ಣುಮಕ್ಕಳು ತಿಳಿದಿರಬೇಕು. ಸುಗ್ಗಿಯ ಮೇಲೆ ಇಲಿಗೆ ಪಾಷಾಣವಿಡುವ ಮನೆಗಳಲ್ಲಿ, ಸತ್ತ ಇಲಿಯನ್ನು ತಿಂದ ಬೆಕ್ಕಿಗೂ ವಿಷವೇರಬಹುದು. ಪಾಷಾಣದ ಪೊಟ್ಟಣವನ್ನು ಎಸೆಯದೆ ವೈದ್ಯರಿಗೆ ತೋರಿಸಿರಿ, ಯಾವ ವಿಷವೆಂಬುದರ ಮೇಲೆ ಮದ್ದು ನಿಲ್ಲುವುದು. ಎರಡನೆಯದು, ಬೆಕ್ಕಿಗೆ ಮೈ ಬೆಚ್ಚಗಾಯಿತೆಂದು ಕರುಣೆಯಿಂದ ಪ್ಯಾರಾಸಿಟಮಾಲ್ ಕೊಡುವುದು. ಮನುಷ್ಯರ ಯಕೃತ್ತು ಆ ಔಷಧವನ್ನು ಅರಗಿಸುವಂತೆ ಬೆಕ್ಕಿನ ಯಕೃತ್ತು ಅರಗಿಸಲಾರದು; ಒಂದೇ ಗುಳಿಗೆಯು ಪ್ರಾಣ ತೆಗೆಯಬಲ್ಲದು. ಯಾರಾದರೂ ಕೊಟ್ಟಿದ್ದರೆ ಲಕ್ಷಣಗಳು ತೋರುವವರೆಗೆ ಕಾಯದೆ ಆ ಕ್ಷಣವೇ ಆಸ್ಪತ್ರೆಗೆ ಒಯ್ಯತಕ್ಕದ್ದು.