ಸೀಮಂತ ತಡವಾದರೂ ನಡೆಯುತ್ತೆ, ಫೋಲಿಕ್ ಮಾತ್ರೆ ತಡವಾದರೆ ನಡೆಯಲ್ಲ

ನಮ್ಮಲ್ಲಿ ಬಸಿರಿನ ಸುದ್ದಿಗೆ ಒಂದು ಕ್ರಮ ಇದೆ. ಮೂರು ತಿಂಗಳು ತುಂಬುವವರೆಗೆ ಯಾರಿಗೂ ಹೇಳಬೇಡ, ದೃಷ್ಟಿಯಾಗುತ್ತೆ ಅಂತಾರೆ. ಆಮೇಲೆ ತಾಯಿ ಕಾರ್ಡ್, ಐದಕ್ಕೆ ಸ್ಕ್ಯಾನಿಂಗ್, ಏಳಕ್ಕೆ ಬಳೆ, ಸೀಮಂತ, ಬಯಕೆ ಊಟ. ಸರ್ಕಾರದ ಕ್ಯಾಲೆಂಡರ್ ಕೂಡ ಇದಕ್ಕಿಂತ ಬಹಳ ದೂರವೇನಿಲ್ಲ. 12 ವಾರದೊಳಗೆ ಹೆಸರು ನೋಂದಾಯಿಸಿದರೆ ಅದನ್ನು 'ಬೇಗ' ಎಂದೇ ಲೆಕ್ಕ ಹಾಕಲಾಗುತ್ತದೆ. ಕಬ್ಬಿಣದ ಮಾತ್ರೆ ಶುರುವಾಗುವುದು ನಾಲ್ಕನೇ ತಿಂಗಳಿಂದ.

ಆದರೆ ಹೊಟ್ಟೆಯೊಳಗಿನ ಕ್ಯಾಲೆಂಡರ್ ಬೇರೆಯೇ ಇದೆ. ವೀರ್ಯಾಣು, ಅಂಡ ಕೂಡಿದ ಆರೇಳು ದಿನಕ್ಕೆ ಭ್ರೂಣ ಗರ್ಭಕೋಶದ ಗೋಡೆಗೆ ಅಂಟಿಕೊಳ್ಳಲು ಶುರುಮಾಡುತ್ತದೆ. ಮೂರನೇ ವಾರದಲ್ಲಿ ಅದರ ಬೆನ್ನ ಮೇಲೆ ಒಂದು ಚಪ್ಪಟೆ ಪಟ್ಟಿ ಮೂಡಿ, ಎರಡೂ ಅಂಚುಗಳು ಮೇಲೆದ್ದು, ಹಾಳೆ ಸುರುಳಿ ಸುತ್ತಿದ ಹಾಗೆ ನಾಳವಾಗುತ್ತದೆ. ಮುಂದೆ ಮೆದುಳು, ಬೆನ್ನುಹುರಿ ಆಗುವುದು ಈ ನರನಾಳವೇ. ಹೆಚ್ಚುಕಡಿಮೆ 22ನೇ ದಿನಕ್ಕೆ ಹೃದಯ ಮಿಡಿಯತೊಡಗುತ್ತದೆ. 28ನೇ ದಿನದ ಹೊತ್ತಿಗೆ ನರನಾಳದ ಎರಡೂ ತುದಿ ಮುಚ್ಚಿರಬೇಕು. ತಲೆಯ ಕಡೆ ಮುಚ್ಚದಿದ್ದರೆ ಮೆದುಳು, ತಲೆಬುರುಡೆ ಸರಿಯಾಗಿ ರೂಪುಗೊಳ್ಳುವುದಿಲ್ಲ, ಅಂಥ ಮಗು ಬದುಕುವುದಿಲ್ಲ. ಕೆಳಗಡೆ ಮುಚ್ಚದಿದ್ದರೆ ಬೆನ್ನುಹುರಿ ತೆರೆದುಕೊಂಡಿರುವ ಸ್ಪೈನಾ ಬೈಫಿಡಾ. ಕಾಲಿನ ಬಲ, ಮೂತ್ರದ ಹಿಡಿತ ಎಲ್ಲಕ್ಕೂ ಜೀವನಪೂರ್ತಿ ತೊಂದರೆ ಆಗಬಹುದು.

ಈಗ ಲೆಕ್ಕ ಹಾಕಿ. ಮುಟ್ಟು ನಿಂತಿದೆ ಅಂತ ಹೆಣ್ಣಿಗೆ ಗೊತ್ತಾಗುವ ಹೊತ್ತಿಗೆ ಭ್ರೂಣಕ್ಕೆ ಆಗಲೇ ಎರಡು ವಾರ. ಒಂದು ವಾರ ಕಾದು ನೋಡೋಣ ಅಂದರೆ ಮೂರು. ಮಾತ್ರೆ ತರಲು ಇನ್ನೊಂದು ವಾರ ಹೋದರೆ, ನಾಳ ಮುಚ್ಚುವ ಕೆಲಸ ಮುಗಿದೇ ಹೋಗಿರುತ್ತದೆ. ಎಂಟು ವಾರಕ್ಕೆ ಮುಖ್ಯ ಅಂಗಗಳೆಲ್ಲದರ ಅಡಿಪಾಯ ಬಿದ್ದಿರುತ್ತದೆ, ಆಗ ಭ್ರೂಣದ ಉದ್ದ ಸುಮಾರು ಮೂರು ಸೆಂಟಿಮೀಟರ್. ಉಳಿದ ಏಳು ತಿಂಗಳು ಮುಖ್ಯವಾಗಿ ಬೆಳೆಯುವ, ಬಲಿಯುವ ಕಾಲ. ಅಂದರೆ ನಮ್ಮ ಮನೆಯವರು ಸುದ್ದಿ ಹೇಳೋಣ ಅಂದುಕೊಳ್ಳುವಷ್ಟರಲ್ಲಿ ನೀಲನಕ್ಷೆಯ ಕೆಲಸ ಮುಗಿದಿರುತ್ತದೆ.

ಈ ಸಮಸ್ಯೆಗೆ ಪರಿಹಾರ ಗೊತ್ತಿಲ್ಲದೆ ಇಲ್ಲ. ಹಿಂದೆ ಇಂಥ ಮಗು ಹೆತ್ತಿದ್ದ ತಾಯಂದಿರಿಗೆ ಗರ್ಭ ನಿಲ್ಲುವ ಮೊದಲಿಂದಲೇ ಫೋಲಿಕ್ ಆಮ್ಲ ಕೊಟ್ಟರೆ ಮತ್ತೆ ಹಾಗಾಗುವುದು ಶೇ 72ರಷ್ಟು ಕಡಿಮೆಯಾಗುತ್ತದೆ ಎಂದು ಬ್ರಿಟನ್ನಿನ ವೈದ್ಯಕೀಯ ಸಂಶೋಧನಾ ಮಂಡಳಿಯ ಅಧ್ಯಯನ 1991ರಲ್ಲೇ ತೋರಿಸಿತು. ಅಮೆರಿಕ 1998ರಿಂದ ಧಾನ್ಯದ ಹಿಟ್ಟಿಗೇ ಅದನ್ನು ಬೆರೆಸುವುದನ್ನು ಕಡ್ಡಾಯ ಮಾಡಿತು. ಎಲ್ಲ ದೋಷಗಳನ್ನೂ ಇದು ತಡೆಯುವುದಿಲ್ಲ, ನಿಜ. ಆದರೆ ಇಷ್ಟು ಅಗ್ಗದ, ಇಷ್ಟು ಖಚಿತವಾದ ತಡೆ ಬೇರೆ ಹೆಚ್ಚಿಲ್ಲ.

ನಮ್ಮಲ್ಲಿ ಸಾರವರ್ಧಿತ ಅಕ್ಕಿ ಇದೆಯಲ್ಲ ಅಂತ ಕೇಳಬಹುದು. ಆಹಾರ ಸುರಕ್ಷತಾ ಪ್ರಾಧಿಕಾರದ ಮಾನದಂಡದ ಪ್ರಕಾರ ಅದರ ಒಂದು ಕಿಲೋದಲ್ಲಿ ಫೋಲಿಕ್ ಆಮ್ಲ ಇರುವುದು 75ರಿಂದ 125 ಮೈಕ್ರೋಗ್ರಾಂ. ತಿಂಗಳಿಗೆ ತಲಾ ಹತ್ತು ಕಿಲೋ ತಿಂದರೂ ದಿನಕ್ಕೆ ಸಿಗುವುದು 25ರಿಂದ 42. ಬೇಕಿರುವುದು 400. ಸೊಪ್ಪು, ಹೆಸರುಕಾಳು ತಿನ್ನಲೇಬೇಕು, ಆದರೆ ಬೇಯಿಸುವಾಗ ಅದರಲ್ಲಿರುವ ಫೋಲೇಟ್ ಸಾಕಷ್ಟು ನಷ್ಟವಾಗುತ್ತದೆ. ಮಾತ್ರೆಗೆ ಬದಲಿ ಇಲ್ಲ.

ಹಾಗಾದರೆ ಮಾತ್ರೆ ಯಾರ ಕೈಗೆ, ಯಾವಾಗ ಸಿಗಬೇಕು? ನನ್ನ ಪ್ರಕಾರ ಇದೇ ಅಸಲಿ ಪ್ರಶ್ನೆ. ಮಾತೃಪೂರ್ಣದ ಊಟವಾಗಲಿ, ಮಾತೃವಂದನಾ ಹಣವಾಗಲಿ, ಪ್ರತಿ ತಿಂಗಳ 9ನೇ ತಾರೀಖಿನ ಉಚಿತ ತಪಾಸಣೆಯಾಗಲಿ, ಎಲ್ಲದರ ಬಾಗಿಲು ತೆರೆಯುವುದು 'ಗರ್ಭಿಣಿ' ಅಂತ ದಾಖಲಾದ ಮೇಲೆಯೇ. ಗೃಹಲಕ್ಷ್ಮಿಯ ಎರಡು ಸಾವಿರ ಬರುವುದು ಪಡಿತರ ಚೀಟಿಯಲ್ಲಿರುವ ಯಜಮಾನಿಗೆ. ಕೂಡು ಕುಟುಂಬದಲ್ಲಿ ಅದು ಸಾಮಾನ್ಯವಾಗಿ ಅತ್ತೆ, ಹೊಸದಾಗಿ ಬಂದ ಸೊಸೆಯಲ್ಲ. ಕಾಗದದ ಮೇಲೆ, ರಕ್ತಹೀನತೆ ಮುಕ್ತ ಭಾರತ ಕಾರ್ಯಕ್ರಮದಲ್ಲಿ ಹೆರುವ ವಯಸ್ಸಿನ ಎಲ್ಲ ಹೆಂಗಸರಿಗೂ ವಾರಕ್ಕೊಂದು ಮಾತ್ರೆ ಇದೆ, ಅದರಲ್ಲಿ ಫೋಲಿಕ್ ಆಮ್ಲವೂ ಇದೆ. ಆದರೆ ಶಾಲೆಯಲ್ಲಿ ಕೊಡುವ ಮಾತ್ರೆಗೂ ತಾಯಿ ಕಾರ್ಡಿನ ಮಾತ್ರೆಗೂ ನಡುವಿನ ವರ್ಷಗಳಲ್ಲಿ ಅವಳನ್ನು ಹುಡುಕಿಕೊಂಡು ಹೋಗುವವರು ಯಾರು?

ಹೋಗಬಹುದಾದವಳು ಆಶಾ ಕಾರ್ಯಕರ್ತೆ ಮಾತ್ರ. ಊರಲ್ಲಿ ಯಾರ ಮದುವೆಯಾಯಿತು ಅನ್ನೋದು ಅವಳಿಗೆ ಯಾವ ಆ್ಯಪ್‌ಗಿಂತ ಮೊದಲು ಗೊತ್ತಿರುತ್ತದೆ. ಆದರೆ 2025ರ ಜನವರಿಯಲ್ಲಿ ಇದೇ ಹೆಂಗಸರು ಗೌರವಧನಕ್ಕಾಗಿ ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಧರಣಿ ಕೂರಬೇಕಾಯಿತು. ನೋಂದಾಯಿಸಿದ ಗರ್ಭಿಣಿಗೆ, ಆಸ್ಪತ್ರೆಯಲ್ಲಾದ ಹೆರಿಗೆಗೆ ಪ್ರೋತ್ಸಾಹಧನ ಕೊಡುವ ವ್ಯವಸ್ಥೆಯಲ್ಲಿ, ಇನ್ನೂ ಬಸಿರಾಗದ ಹುಡುಗಿಯ ಮನೆಗೆ ಹೋಗು ಅಂತ ಬರೀ ಬಾಯಿಮಾತಲ್ಲಿ ಹೇಳಿದರೆ ಆಗುತ್ತಾ?

ತಡವಾದದ್ದರ ಬೆಲೆ ತೆರುವವಳು ತಾಯಿ. ದೋಷಗಳನ್ನು ಹುಡುಕುವ ವಿವರವಾದ ಸ್ಕ್ಯಾನ್ ನಡೆಯುವುದು 18ರಿಂದ 20 ವಾರಕ್ಕೆ. ತಾಲೂಕು ಕೇಂದ್ರದಿಂದ ಜಿಲ್ಲೆಗೆ, ಅಲ್ಲಿಂದ ಬೆಂಗಳೂರಿಗೆ ಅಲೆಯುವಷ್ಟರಲ್ಲಿ 24 ದಾಟಿದರೆ, 2021ರ ಗರ್ಭಪಾತ ತಿದ್ದುಪಡಿ ಕಾಯ್ದೆಯಂತೆ ವೈದ್ಯಕೀಯ ಮಂಡಳಿಯ ಮುಂದೆ ನಿಲ್ಲಬೇಕು. ಅಷ್ಟರಲ್ಲಿ ಮಗು ಒದೆಯುತ್ತಿರುತ್ತದೆ, ಸೀಮಂತದ ಮಾತುಕತೆ ನಡೆದಿರುತ್ತದೆ. ನಾಲ್ಕನೇ ವಾರದಲ್ಲಿ ಆದದ್ದಕ್ಕೆ ಐದು, ಆರನೇ ತಿಂಗಳಲ್ಲಿ ತೀರ್ಮಾನ ಮಾಡು ಅಂತ ಅವಳಿಗೆ ಹೇಳುತ್ತಿದ್ದೇವೆ. ಜೊತೆಗೆ ಗ್ರಹಣ ನೋಡಿದೆಯಾ, ಪಪ್ಪಾಯಿ ತಿಂದೆಯಾ ಅನ್ನುವ ವಿಚಾರಣೆ ಬೇರೆ.

ಈಚೆಗೆ ಗರ್ಭಸಂಸ್ಕಾರದ ತರಗತಿ, ಸಂಗೀತದ ಆ್ಯಪ್‌ಗಳಿಗೆ ಜನ ಧಾರಾಳವಾಗಿ ಖರ್ಚು ಮಾಡುತ್ತಾರೆ. ತಾಯಿಗೆ ನೆಮ್ಮದಿ ಸಿಕ್ಕರೆ ಒಳ್ಳೆಯದೇ. ಆದರೆ ಹೊಟ್ಟೆಯ ಮಗು ಶಬ್ದಕ್ಕೆ ಸ್ಪಂದಿಸುವುದು ಆರನೇ ತಿಂಗಳ ಆಸುಪಾಸಿಗೆ. ಮೊದಲ ತಿಂಗಳಲ್ಲಿ ಕೇಳಲು ಕಿವಿಯೇ ಇರುವುದಿಲ್ಲ. ಆಗ ಅದಕ್ಕೆ ಬೇಕಿರುವುದು ತಾಯಿಯ ರಕ್ತದಲ್ಲಿ ಮೊದಲೇ ಸಿದ್ಧವಿರುವ ಫೋಲೇಟ್.

ಹಾಗಾಗಿ ಕೇಳಬೇಕಾದ್ದು ದೊಡ್ಡ ಯೋಜನೆಯನ್ನೇನಲ್ಲ. ಮದುವೆ ನೋಂದಣಿಯ ಜೊತೆ ಮೂರು ತಿಂಗಳ ಫೋಲಿಕ್ ಮಾತ್ರೆ ಕೊಡಿ. ಎರಡನೇ ಮಗು ಬಯಸುವವರಿಗೆ ಅಂಗನವಾಡಿಯಲ್ಲೇ ಸಿಗಲಿ. ಹಿಂದೆ ಇಂಥ ಮಗು ಆಗಿದ್ದವರು, ಮೂರ್ಛೆರೋಗದ ಔಷಧಿ ತೆಗೆದುಕೊಳ್ಳುವವರು ಗರ್ಭಕ್ಕೆ ಮುಂಚೆಯೇ ವೈದ್ಯರನ್ನು ಕಾಣುವ ವ್ಯವಸ್ಥೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿರಲಿ. ಈ ಭೇಟಿಗಳಿಗೂ ಆಶಾಗೆ ದುಡ್ಡು ಕೊಡಿ. ಮಗು ಬೇಕು ಅಂತ ನಿರ್ಧರಿಸಿದ ದಿನದಿಂದಲೇ ಹೆಣ್ಣುಮಗಳ ಆರೋಗ್ಯ ಲೆಕ್ಕಕ್ಕೆ ಬರಬೇಕು, ತಾಯಿ ಕಾರ್ಡ್ ಬಂದ ದಿನದಿಂದಲ್ಲ.