ಸಾವಿನ ಮನೆಯಲ್ಲಿ ಕಾಗದದ ಲೆಕ್ಕ

ಮುಧೋಳವೆಂದೊಡನೆ ಅನೇಕ ವಾಚಕರಿಗೆ ಬೇಟೆನಾಯಿಗಳಿಗೆ ಹೆಸರಾದ ಬಾಗಲಕೋಟೆ ಜಿಲ್ಲೆಯ ಪಟ್ಟಣ ನೆನಪಾಗುವುದು ಸಹಜ. ಇಲ್ಲಿ ಪ್ರಸ್ತಾಪಿಸಿರುವುದು ಕಲಬುರಗಿ ಜಿಲ್ಲೆಯ ಸೇಡಂ ತಾಲ್ಲೂಕಿನ ಮುಧೋಳ. ಸುತ್ತಲೂ ಸುಣ್ಣಕಲ್ಲಿನ ನೆಲ. ಸೇಡಂ ಮತ್ತು ವಾಡಿಗಳಲ್ಲಿ ಸಿಮೆಂಟ್ ಕಾರ್ಖಾನೆ, ಶಹಾಬಾದಿನಲ್ಲಿ ಹಾಸುಗಲ್ಲು, ರಸ್ತೆಯ ಮೇಲೆ ಹಗಲಿರುಳೂ ಲಾರಿ. ಇಂಥ ಸೀಮೆಯಲ್ಲಿ ಬೆಳಗ್ಗೆ ದುಡಿಯಲು ಹೊರಟವನು ಸಂಜೆಗೆ ಮರಳದಿದ್ದರೆ ಆ ಮನೆಯ ಗತಿಯೇನು?

ಒಂದು ಸಂಸಾರವನ್ನು ಎಣಿಸಿಕೊಳ್ಳಬಹುದು. ಯಜಮಾನನು ಮೂವತ್ತನಾಲ್ಕು ವಯಸ್ಸಿನ ಗೌಂಡಿ. ಮನೆಯಲ್ಲಿ ಹೆಂಡತಿ, ಇಬ್ಬರು ಮಕ್ಕಳು, ವೃದ್ಧೆಯಾದ ತಾಯಿ. ಸೇಡಮಿನ ದಾರಿಯಲ್ಲಿ ಲಾರಿ ಬಡಿದು ಅವನು ಕಲಬುರಗಿಯ ಆಸ್ಪತ್ರೆಯಲ್ಲಿ ಕಣ್ಣು ಮುಚ್ಚುತ್ತಾನೆ. ದುಃಖದ ಮೊದಲ ಗಳಿಗೆಯಲ್ಲಿಯೇ ಬಂಧುಗಳ ಬಾಯಿಂದ ಎರಡು ಮಾತು ಹೊರಡುತ್ತವೆ. “ಹೆಣ ಕೊಯ್ಯೋದು ಬ್ಯಾಡ್ರಿ” ಎಂಬುದು ಒಂದು. “ಹ್ವಾದವ ಹ್ವಾದ ತಂಗಿ, ಲಾರಿ ಮಾಲಕ ಕೊಡೋ ರೊಕ್ಕ ತಗೊಂಡು ಸುಮ್ನಾಗು” ಎಂಬುದು ಇನ್ನೊಂದು. ಎರಡೂ ಕರುಣೆಯಿಂದಲೇ ಹುಟ್ಟಿದ ಮಾತುಗಳು. ಎರಡೂ ಆ ಸಂಸಾರಕ್ಕೆ ಮುಳುವಾಗತಕ್ಕವು. ಮರಣೋತ್ತರ ಪರೀಕ್ಷೆಯಿಲ್ಲದೆ ದಹನವೋ ದಫನವೋ ಆಗಿಹೋದರೆ, ಸಾವಿಗೆ ಅಪಘಾತವೇ ಕಾರಣವೆಂದು ತೋರಿಸುವುದು ಬಹು ಕಷ್ಟ.

ಆದುದರಿಂದ ಮೊದಲು ಬೇಕಾದುದು ಪೊಲೀಸರ ಪ್ರಥಮ ವರ್ತಮಾನ ವರದಿ. ಅದರ ಪ್ರತಿಯನ್ನು ದೂರುದಾರನಿಗೆ ಉಚಿತವಾಗಿ ಕೊಡತಕ್ಕದ್ದೆಂಬುದು ಕಾನೂನು. ಅನಂತರ ಸ್ಥಳದ ಹಾಗೂ ಶವದ ಪಂಚನಾಮೆ, ಮರಣೋತ್ತರ ವರದಿ, ಲಾರಿಯ ವಿಮಾಪತ್ರ, ಚಾಲಕನ ಪರವಾನಗಿಯ ವಿವರ. ಮರಣದ ನೋಂದಣಿ 21 ದಿನಗಳೊಳಗೆ ಆಗಬೇಕು. ಸಾವು ಎಲ್ಲಿ ಸಂಭವಿಸಿತೋ ಅಲ್ಲಿಯೇ ಅದರ ನೋಂದಣಿ. ಕಲಬುರಗಿಯಲ್ಲಿ ತೀರಿಕೊಂಡವನ ಮರಣಪತ್ರವನ್ನು ಮುಧೋಳದ ಪಂಚಾಯತಿಯಲ್ಲಿ ಹುಡುಕಿ ಫಲವಿಲ್ಲ. ಪಡಿತರ ಚೀಟಿಯಲ್ಲಿ ಒಂದು, ಆಧಾರಿನಲ್ಲಿ ಇನ್ನೊಂದು ಹೆಸರಿದ್ದರೆ ಎರಡೂ ಒಬ್ಬನವೇ ಎಂದು ಪ್ರಮಾಣಪತ್ರ ಮಾಡಿಸಿಡುವುದು ಲೇಸು.

ಇನ್ನು ಪರಿಹಾರದ ಅರ್ಜಿ. 1988ರ ಮೋಟಾರು ವಾಹನ ಕಾಯಿದೆಯ 166ನೆಯ ಕಲಮಿನಂತೆ, ಅಪಘಾತವಾದ ಸ್ಥಳದಲ್ಲಷ್ಟೇ ಅಲ್ಲ, ಅರ್ಜಿದಾರರು ವಾಸಿಸುವ ಸ್ಥಳದ ನ್ಯಾಯಮಂಡಳಿಯಲ್ಲಿಯೂ ಅರ್ಜಿ ಹಾಕಬಹುದು. ತೆಲಂಗಾಣದ ರಸ್ತೆಯಲ್ಲಿ ಮಡಿದವನ ವಿಧವೆ ಆ ರಾಜ್ಯಕ್ಕೆ ಅಲೆಯಬೇಕಿಲ್ಲ. 2022ರ ಏಪ್ರಿಲ್ 1ರಿಂದ ಇದಕ್ಕೆ ಆರು ತಿಂಗಳ ಅವಧಿ ಬಂದಿದೆ. ಈ ಮಿತಿಯ ಪ್ರಶ್ನೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿದೆಯಾದರೂ, ಅವಧಿಯೊಳಗೆ ಅರ್ಜಿ ಹಾಕುವುದೇ ಕ್ಷೇಮ. ಬಡಿದ ವಾಹನ ಪತ್ತೆಯಾಗದೆ ಹೋದರೆ ಮೃತನ ಕುಟುಂಬಕ್ಕೆ 2 ಲಕ್ಷ ರೂಪಾಯಿ ಕೊಡುವ ಯೋಜನೆಯೂ ಇದೆ. ವಾಡಿಯಂಥ ನಿಲ್ದಾಣದಲ್ಲಿ ರೈಲಿನಿಂದ ಬಿದ್ದು ಪ್ರಯಾಣಿಕನು ಸತ್ತರೆ ದಾರಿ ಬೇರೆ: ಒಂದು ವರ್ಷದೊಳಗೆ ರೈಲ್ವೆ ಕ್ಲೇಮ್ಸ್ ನ್ಯಾಯಮಂಡಳಿ. 2017ರಿಂದ ಆ ಪರಿಹಾರದ ಮೊತ್ತ 8 ಲಕ್ಷ ರೂಪಾಯಿ. ಶವದ ಬಳಿ ಟಿಕೇಟು ದೊರೆಯಲಿಲ್ಲವೆಂಬ ಒಂದೇ ಕಾರಣದಿಂದ ಹಕ್ಕು ಅಳಿಯದೆಂದು ಸರ್ವೋಚ್ಚ ನ್ಯಾಯಾಲಯ 2018ರಲ್ಲಿ ಹೇಳಿದೆ.

ಲಾರಿ ಮಾಲಕನು ಮುಂದೆ ಹಿಡಿಯುವ ನೋಟಿನ ಕಟ್ಟಿಗೂ ನ್ಯಾಯದ ಲೆಕ್ಕಕ್ಕೂ ಇರುವ ಅಂತರವನ್ನು ನೋಡಬೇಕು. ಗೌಂಡಿಯ ತಿಂಗಳ ಗಳಿಕೆ 12,000 ರೂಪಾಯಿ ಎಂದಿಟ್ಟುಕೊಂಡರೆ, ಮುಂದಿನ ಏಳಿಗೆಗಾಗಿ ಶೇಕಡಾ 40 ಕೂಡಿ 16,800 ಆಗುತ್ತದೆ. ಆಶ್ರಿತರು ನಾಲ್ವರಾದುದರಿಂದ ಅವನ ಸ್ವಂತ ಖರ್ಚೆಂದು ಕಾಲು ಭಾಗ ಕಳೆದರೆ 12,600, ವರ್ಷಕ್ಕೆ 1,51,200. ಅವನ ವಯಸ್ಸಿಗೆ ಗೊತ್ತುಪಡಿಸಿದ ಗುಣಕ 16. ಒಟ್ಟು 24,19,200 ರೂಪಾಯಿ. 2009 ಮತ್ತು 2017ರ ಸರ್ವೋಚ್ಚ ನ್ಯಾಯಾಲಯದ ತೀರ್ಪುಗಳು ಹಾಕಿಕೊಟ್ಟ ಕ್ರಮವಿದು. ಮಡಿದವಳು ಗೃಹಿಣಿಯಾಗಿದ್ದರೂ ಆಕೆಯ ಮನೆಗೆಲಸಕ್ಕೆ ಆದಾಯದ ಬೆಲೆ ಕಟ್ಟತಕ್ಕದ್ದೆಂಬುದನ್ನು 2021ರ ತೀರ್ಪು ದೃಢಪಡಿಸಿದೆ.

ಗಳಿಕೆಗೆ ಕಾಗದವಿದ್ದರೆ ಏನಾಗುವುದೆಂಬುದಕ್ಕೆ ಮಂಗಳೂರಿನ ನಿದರ್ಶನವಿದೆ. 2010ರ ಮೇ 22ರಂದು ಅಲ್ಲಿ ನಡೆದ ವಿಮಾನ ದುರಂತದಲ್ಲಿ 158 ಮಂದಿ ಮಡಿದರು. ಅವರಲ್ಲೊಬ್ಬ ಉದ್ಯೋಗಿಯ ಕುಟುಂಬಕ್ಕೆ ಸರ್ವೋಚ್ಚ ನ್ಯಾಯಾಲಯ 2020ರಲ್ಲಿ 7.64 ಕೋಟಿ ರೂಪಾಯಿ ನಿರ್ಣಯಿಸಿತು. ವಾದವೆಲ್ಲ ಸಂಬಳದ ಪತ್ರದಲ್ಲಿದ್ದ ಭತ್ಯೆಗಳ ಸುತ್ತಲೇ ನಡೆದಿತ್ತು. ಗೌಂಡಿಗೆ ಸಂಬಳದ ಪತ್ರವೆಲ್ಲಿಯದು? ಕೆಲಸ ಕೊಟ್ಟವರ ಸಾಕ್ಷಿ, ಬ್ಯಾಂಕಿನ ಪುಸ್ತಕ, ಮೇಸ್ತ್ರಿಯ ಲೆಕ್ಕದ ವಹಿ, ಇವೇ ಅವನ ಆಧಾರಗಳು. ಇವೂ ಇಲ್ಲದೆ ಹೋದಾಗ ನ್ಯಾಯಮಂಡಳಿ ಒಂದು ಅಂದಾಜಿನ ಆದಾಯವನ್ನು ಹಿಡಿಯುತ್ತದೆ. ಅದು ನಿಜವಾದ ಗಳಿಕೆಗಿಂತ ಕಡಮೆಯಾಗುವ ಭಯವುಂಟು.

ವಕೀಲರ ಖರ್ಚಿಗೆ ಅಂಜುವವರು ತಾಲ್ಲೂಕಿನ ಕಾನೂನು ಸೇವಾ ಸಮಿತಿಯನ್ನು ಮರೆಯಬಾರದು. ಹೆಂಗಸರಿಗೆ, ಮಕ್ಕಳಿಗೆ ಆದಾಯದ ಮಿತಿಯಿಲ್ಲದೆ ಅಲ್ಲಿ ಉಚಿತ ನೆರವುಂಟು. ತೀರ್ಪು ಸಾಲದೆನಿಸಿದರೆ ಮೇಲ್ಮನವಿಗೆ ಬೆಂಗಳೂರಿಗೆ ಓಡುವ ಕಾಲವೂ ಹೋಯಿತು. 2008ರಲ್ಲಿ ಕಲಬುರಗಿಗೆ ಬಂದ ಉಚ್ಚ ನ್ಯಾಯಾಲಯದ ಸಂಚಾರಿ ಪೀಠ 2013ರಲ್ಲಿ ಖಾಯಂ ಆಯಿತು.

ಸತ್ತವನ ಹೆಸರಿನಲ್ಲಿ ರೊಕ್ಕ ಪಡೆಯುವುದು ಪಾಪವೆಂಬ ಅಳುಕು ಇನ್ನೂ ಅನೇಕ ಮನೆಗಳಲ್ಲಿದೆ. ಅಂಥವರು ಮೇಲಿನ ಲೆಕ್ಕವನ್ನು ಮತ್ತೊಮ್ಮೆ ನೋಡಬೇಕು. ಗೌಂಡಿಯು ತಾನು ಉಂಡು ಉಡಬಹುದಾಗಿದ್ದ ಕಾಲು ಭಾಗವನ್ನು ನ್ಯಾಯಾಲಯ ಕಳೆದುಬಿಡುತ್ತದೆ. ಎಣಿಸುವುದು ಮಿಕ್ಕ ಮುಕ್ಕಾಲನ್ನು: ತಾಯಿಯ ಔಷಧವನ್ನು, ಮಕ್ಕಳ ಶಾಲೆಯನ್ನು, ಒಲೆಯ ಮೇಲಿನ ರೊಟ್ಟಿಯನ್ನು. ಆ ಮುಕ್ಕಾಲು ಅವನು ಬದುಕಿದ್ದಾಗಲೂ ಅವರದೇ ಆಗಿತ್ತು.