ಹೊಟ್ಟೆಯ ಬೇನೆ, ಬದುವಿನ ಸೊಪ್ಪು

ಪಾಂಡವಪುರದ ಔಷಧಿ ಅಂಗಡಿಯ ಮುಂದೆ ಅರ್ಧ ಗಂಟೆ ನಿಂತರೆ ಸಾಕು, 'ಗ್ಯಾಸ್ಟ್ರಿಕ್‌ಗೆ ಒಂದು ಮಾತ್ರೆ ಕೊಡಿ' ಎಂಬ ಮಾತು ಕಿವಿಗೆ ಬೀಳುತ್ತದೆ. ಎದೆಯುರಿ, ಹುಳಿತೇಗು, ಹೊಟ್ಟೆಯುಬ್ಬರ, ಮಲಬದ್ಧತೆ ಇವೆಲ್ಲಕ್ಕೂ ಜನ ಇಟ್ಟಿರುವ ಹೆಸರು ಒಂದೇ, ಕೊಳ್ಳುವ ಮದ್ದೂ ಒಂದೇ. ಆದರೆ ಕಾರಣಗಳು ಒಂದೇ ಅಲ್ಲ. ಅವುಗಳಲ್ಲಿ ಹಲವು ಹೊಟ್ಟೆಯೊಳಗೆ ಹುಟ್ಟಿದವೂ ಅಲ್ಲ; ಹೊಲ, ನೀರು, ಅಡುಗೆಮನೆಗಳಲ್ಲಿ ಹುಟ್ಟಿದವು.

ಜಠರದ ಆಮ್ಲವು ಅನ್ನನಾಳಕ್ಕೆ ಮೇಲೇರಿದಾಗ ಎದೆಯುರಿ ಕಾಣಿಸುತ್ತದೆ. ರಾತ್ರಿ ತಡವಾಗಿ ಹೊಟ್ಟೆ ಬಿರಿಯುವಂತೆ ಉಂಡು ಒಡನೆ ಮಲಗುವುದು, ಕರಿದ ತಿಂಡಿ, ಹೊಗೆಸೊಪ್ಪು, ಮದ್ಯ ಇವು ಅದನ್ನು ಹೆಚ್ಚಿಸುತ್ತವೆ. ಜಠರದ ಹುಣ್ಣಿನ ಕಥೆ ಬೇರೆ. ಅದಕ್ಕೆ ಚಿಂತೆ ಮತ್ತು ಖಾರವೇ ಕಾರಣವೆಂದು ವೈದ್ಯಲೋಕವೂ ಬಹುಕಾಲ ನಂಬಿತ್ತು. ಮುಖ್ಯ ಕಾರಣ ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸೂಕ್ಷ್ಮಾಣು ಎಂದು ತೋರಿಸಿಕೊಟ್ಟ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರೆನ್ ಅವರಿಗೆ 2005ರಲ್ಲಿ ನೊಬೆಲ್ ಪ್ರಶಸ್ತಿ ಸಂದಿತು. ಇನ್ನೊಂದು ಕಾರಣ ನೋವಿನ ಮಾತ್ರೆ. ದಿನವಿಡೀ ಕಬ್ಬು ಕಡಿದು, ಮೈಕೈ ನೋವಿಗೆಂದು ಬರಿಹೊಟ್ಟೆಯಲ್ಲಿ ನುಂಗುವ ಮಾತ್ರೆ ಜಠರದ ಒಳಪದರವನ್ನೇ ಕೊರೆಯಬಲ್ಲದು.

ಇನ್ನು ಮಲಬದ್ಧತೆ. 1930ರ ದಶಕದಲ್ಲಿ ಕೃಷ್ಣರಾಜಸಾಗರದ ನೀರು ವಿಶ್ವೇಶ್ವರಯ್ಯ ನಾಲೆಯಲ್ಲಿ ಹರಿದ ಮೇಲೆ ಸೀಮೆಯ ತಗ್ಗು ಭೂಮಿ ಭತ್ತ ಮತ್ತು ಕಬ್ಬಿಗೆ ಒಲಿಯಿತು. ಮೇಲುಕೋಟೆಯ ಕಡೆಯ ಗುಡ್ಡದ ಹೊಲಗಳು ಮಳೆಯನ್ನೇ ನಂಬಿ ರಾಗಿ, ಹುರುಳಿ, ಅವರೆಗಳನ್ನು ಉಳಿಸಿಕೊಂಡವು. ನಾಲೆಯ ನೀರು ಹಸಿವನ್ನು ನೀಗಿದ್ದು ಸುಳ್ಳಲ್ಲ. ಆದರೆ ತಟ್ಟೆಯಲ್ಲಿ ಪಾಲಿಶ್ ಮಾಡಿದ ಬಿಳಿ ಅಕ್ಕಿ ಬೆಳೆದಂತೆ ನಾರು ಕರಗಿತು. ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆಯ 2017ರ ಆಹಾರ ಕೋಷ್ಟಕದಂತೆ 100 ಗ್ರಾಂ ರಾಗಿಯಲ್ಲಿ ಸುಮಾರು 11 ಗ್ರಾಂ ನಾರಿದ್ದರೆ, ಅಷ್ಟೇ ಬಿಳಿ ಅಕ್ಕಿಯಲ್ಲಿರುವುದು 3 ಗ್ರಾಮಿಗೂ ಕಡಿಮೆ. ರಾಗಿಯ ಸಿಪ್ಪೆ ಕಾಳಿಗೆ ಬಿಗಿಯಾಗಿ ಅಂಟಿರುವುದರಿಂದ ಅದನ್ನು ಇಡಿಯಾಗಿಯೇ ಬೀಸುತ್ತಾರೆ. ನಾರು ಮುದ್ದೆಯಲ್ಲಿ ಉಳಿಯುತ್ತದೆ. 'ರಾಗಿ ಲಕ್ಷ್ಮಣಯ್ಯ' ಎಂದೇ ಹೆಸರಾದ ವಿಜ್ಞಾನಿ ಭಾರತದ ಮತ್ತು ಆಫ್ರಿಕಾದ ರಾಗಿಗಳನ್ನು ಬೆಸೆದು ಇಂಡಾಫ್ ತಳಿಗಳನ್ನು ರೂಪಿಸಿದ್ದು ಇದೇ ಮಂಡ್ಯ ಜಿಲ್ಲೆಯ ವಿ.ಸಿ. ಫಾರಂನಲ್ಲಿ. ಅಂತಹ ನೆಲದಲ್ಲಿಯೇ ಮುದ್ದೆಯನ್ನು ಬಡವರ ಊಟವೆಂದು ಕೀಳಾಗಿ ಕಾಣುವುದು ತರವೇ?

ಮುದ್ದೆಯ ಜೊತೆಗಾರ ಬೆರಕೆ ಸೊಪ್ಪು. ಅಣ್ಣೆ, ಕಿರಕಸಾಲೆ, ಹೊನಗೊನೆ, ಗೋಣಿಸೊಪ್ಪುಗಳನ್ನು ಹೆಂಗಸರು ಕಾಸು ಕೊಡದೆ ಬದುಗಳಿಂದ ಆಯ್ದು ತಂದು ಉಪ್ಪೆಸರು, ಬಸ್ಸಾರು ಮಾಡುತ್ತಿದ್ದರು. ಇಂದು ಕೂಲಿ ಉಳಿಸಲೆಂದು ಬದುವಿಗೂ ಕಳೆನಾಶಕ ಸಿಂಪಡಿಸಲಾಗುತ್ತಿದೆ. ಕಳೆಯೆಂದು ಸುಡುತ್ತಿರುವುದು ಮನೆಯ ಸಾರನ್ನು. ಸಿಂಪಡಿಸಿದ ಬದುವಿನಲ್ಲಿ ಸೊಪ್ಪು ಉಳಿದಿದ್ದರೂ ಅದನ್ನು ತಿನ್ನಲಾಗದು. ಹೀಗೆ ಬಿಟ್ಟಿಯಾಗಿ ದೊರೆಯುತ್ತಿದ್ದ ನಾರನ್ನು ಕಳೆದುಕೊಂಡವರು ಮಲಬದ್ಧತೆಗೆ ದುಡ್ಡು ಕೊಟ್ಟು ಪುಡಿ ಕೊಳ್ಳುತ್ತಾರೆ.

ಹಿಂದಿನದೆಲ್ಲ ಚಿನ್ನವೆಂದು ಇದರರ್ಥವಲ್ಲ. ಮುದ್ದೆ ಉಂಡ ಹಳ್ಳಿಗಳಲ್ಲಿಯೂ ವಾಂತಿಭೇದಿ ಮನೆಗಳನ್ನು ಬರಿದು ಮಾಡಿತ್ತು. ಹೊಲಸು ಬೆರೆತ ನೀರಿಗೆ ಯಾವ ಧಾನ್ಯವೂ ಮದ್ದಲ್ಲ. ಮಳೆಗಾಲದ ಮೊದಲ ನೀರು ಕೊಳವೆಗೆ ನುಗ್ಗುವಾಗ, ಚರಂಡಿಯ ಪಕ್ಕದಲ್ಲಿ ನಲ್ಲಿಯ ಪೈಪು ಒಡೆದಾಗ ಭೇದಿ ಹರಡುತ್ತದೆ. ಭೇದಿಯಲ್ಲಿ ಮಗುವಿನ ಜೀವ ತೆಗೆಯುವುದು ಬಹುಮಟ್ಟಿಗೆ ನೀರಿನ ನಷ್ಟ. ಓ.ಆರ್.ಎಸ್. ಪೊಟ್ಟಣ ಸಿಗದಿದ್ದರೆ ಕುದಿಸಿ ಆರಿಸಿದ 1 ಲೀಟರ್ ನೀರಿಗೆ 6 ಮಟ್ಟಸ ಟೀ ಚಮಚ ಸಕ್ಕರೆ, ಅರ್ಧ ಟೀ ಚಮಚ ಉಪ್ಪು ಕದಡಿ ಗುಟುಕು ಗುಟುಕಾಗಿ ಕುಡಿಸಬೇಕು. ಎದೆಹಾಲನ್ನು ನಿಲ್ಲಿಸಬಾರದು.

ಮಲದಲ್ಲಿ ರಕ್ತ, ಟಾರಿನಂತಹ ಕಪ್ಪು ಮಲ, ನುಂಗಲು ಕಷ್ಟ, ಕಾರಣವಿಲ್ಲದೆ ತೂಕ ಇಳಿಯುವುದು ಕಂಡರೆ ಮನೆಮದ್ದೂ ಬೇಡ, ಅಂಗಡಿಯ ಮಾತ್ರೆಯೂ ಬೇಡ. ವೈದ್ಯರ ಬಳಿಗೆ ಹೋಗಲೇಬೇಕು. ಎದೆಯುರಿಯೊಡನೆ ಬೆವರು, ಉಸಿರುಗಟ್ಟುವಿಕೆ ಇದ್ದರೆ ಅದು ಹೃದಯದ ಕರೆಯೂ ಆಗಿರಬಹುದು, ತಡಮಾಡಲಾಗದು.

ಉಳಿದದ್ದು ಊರಿನ ಕೆಲಸ. ಶಾಲೆಗಳಲ್ಲಿ ಹಾಲಿನೊಂದಿಗೆ ರಾಗಿ ಮಾಲ್ಟ್ ನೀಡುವ ಕ್ರಮ 2024ರಲ್ಲಿ ಆರಂಭವಾಯಿತು. ಬಿಸಿಯೂಟದ ತಟ್ಟೆಗೆ ಸೊಪ್ಪು, ಕಾಳುಗಳೂ ಹೆಚ್ಚಾಗಿ ಬರಲಿ. ಪಡಿತರದಲ್ಲಿ ರಾಗಿಯ ಪಾಲು ಹೆಚ್ಚಲಿ, ಅದನ್ನು ಗುಡ್ಡದ ರೈತರಿಂದಲೇ ಕೊಳ್ಳಲಿ. ಸಾರ್ವಜನಿಕ ಬದು, ಕೆರೆ ಏರಿ, ನಾಲೆಯ ದಡಗಳಿಗೆ ಕಳೆನಾಶಕ ಹೊಡೆಯಬಾರದೆಂದು ಗ್ರಾಮಸಭೆಗಳು ನಿರ್ಣಯಿಸಲಿ. ಕುಡಿಯುವ ನೀರಿನ ಪರೀಕ್ಷೆಯ ಫಲಿತಾಂಶವನ್ನು ಪಂಚಾಯಿತಿಯ ಗೋಡೆಯ ಮೇಲೆ ಬರೆಸಲಿ. ವಿದ್ಯಾರ್ಥಿಗಳು ಈ ಮಳೆಗಾಲದಲ್ಲಿ ಅಜ್ಜಿಯರೊಡನೆ ಬದುವಿಗೆ ಹೋಗಿ ಸೊಪ್ಪುಗಳ ಹೆಸರುಗಳನ್ನು ಪಟ್ಟಿ ಮಾಡಲಿ. ಹೆಸರು ಮರೆತ ಸೊಪ್ಪು ಕಳೆಯಾಗುತ್ತದೆ. ಕಳೆಯಾದದ್ದಕ್ಕೆ ವಿಷ ಬೀಳುತ್ತದೆ.